ಮೂವತ್ತು ನಿಮಿಷ, ಇಪ್ಪತ್ತು ಲೆಕ್ಕ: ನವೋದಯ ಪರೀಕ್ಷೆಗೆ ಮನೆಯಲ್ಲೇ ಗಣಿತದ ತಯಾರಿ

ರಾಯಚೂರು ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿ. ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲವೂ ಶಾಲೆಯದೇ. ಒಮ್ಮೆ ಒಳಗೆ ಹೋದ ಮಗು ಹನ್ನೆರಡನೇ ತರಗತಿ ಮುಗಿಸಿಕೊಂಡು ಹೊರಗೆ ಬರಬಹುದು. ಹೀಗಾಗಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಐದನೇ ತರಗತಿಯ ಮಗು ಇರುವ ಮನೆಗಳಲ್ಲಿ ಜೂನ್ ಬಂತೆಂದರೆ ‘ಈ ಸಲ ನವೋದಯ ಕಟ್ಟಬೇಕು’ ಎಂಬ ಮಾತು ಶುರುವಾಗುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತು: ‘ಗಣಿತಕ್ಕೆ ಏನ್ ಮಾಡೋದು?’

ಲೆಕ್ಕಕ್ಕೆ ಕೈಹಾಕುವ ಮೊದಲು ಒಂದು ನಿಯಮವನ್ನು ಹೇಳಲೇಬೇಕು. ಇದು ಗೊತ್ತಿಲ್ಲದೆ ಕೈಯಲ್ಲಿದ್ದ ಅನುಕೂಲವನ್ನು ಕಳೆದುಕೊಳ್ಳುವವರಿದ್ದಾರೆ. ನವೋದಯದ ಸೀಟುಗಳಲ್ಲಿ ಕನಿಷ್ಠ ಶೇ 75 ಹಳ್ಳಿ ಮಕ್ಕಳಿಗೆ. ಆ ಪಾಲಿನಲ್ಲಿ ಬರಬೇಕಾದರೆ ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದು ದಿನವಾದರೂ ಪಟ್ಟಣದ ಶಾಲೆಯಲ್ಲಿ ಓದಿದ್ದರೆ ಆ ಮಗು ನಗರದ ಅಭ್ಯರ್ಥಿ. ‘ಕೋಚಿಂಗ್ ಹತ್ತಿರವಾಗುತ್ತದೆ’ ಎಂದು ಹಳ್ಳಿಯ ಶಾಲೆಯಿಂದ ಹೆಸರು ತೆಗೆಸಿ ತಾಲ್ಲೂಕು ಕೇಂದ್ರದ ಶಾಲೆಗೆ ಹಾಕಿದರೆ ಮುಕ್ಕಾಲು ಪಾಲು ಸೀಟುಗಳ ಬಾಗಿಲನ್ನು ನಾವೇ ಮುಚ್ಚಿದ ಹಾಗಾಗುತ್ತದೆ. ದುಡಿಮೆಗೆಂದು ಬೆಂಗಳೂರಿಗೆ ಹೋಗುವವರು ಮಗುವನ್ನು ಐದನೇ ತರಗತಿಗೆ ಅಲ್ಲೇ ಸೇರಿಸಿದರೂ ಕಷ್ಟ. ಯಾವ ಜಿಲ್ಲೆಯ ನವೋದಯಕ್ಕೆ ಪರೀಕ್ಷೆ ಬರೆಯಬೇಕೋ ಐದನೇ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಪರೀಕ್ಷೆ ಬರೆಯುವ ಅವಕಾಶವೂ ಒಂದೇ ಸಲ. ಅರ್ಜಿಗೆ ಶುಲ್ಕವಿಲ್ಲ. ಆನ್‌ಲೈನ್‌ನಲ್ಲಿ ಅರ್ಜಿ ತುಂಬುವ ಮುಂಚೆ ಆ ವರ್ಷದ ಪ್ರಕಟಣೆಯಲ್ಲಿ ಹುಟ್ಟಿದ ದಿನಾಂಕದ ಮಿತಿ ನೋಡಿಕೊಳ್ಳಿ. ಶಾಲೆಯ ಪ್ರಮಾಣಪತ್ರಕ್ಕೆ ಮುಖ್ಯ ಗುರುಗಳ ಸಹಿ–ಮುದ್ರೆ ಹಾಕಿಸಿ.

ಅಂದರೆ ತಯಾರಿ ಊರಲ್ಲೇ, ಮನೆಯಲ್ಲೇ ನಡೆಯಬೇಕು. ಗಣಿತದ ಮಟ್ಟಿಗೆ ಅದು ಸಾಧ್ಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಪತ್ರಿಕೆ ಹೇಗಿರುತ್ತದೆ

ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಬುದ್ಧಿಸಾಮರ್ಥ್ಯದ 40 ಪ್ರಶ್ನೆಗೆ 50 ಅಂಕ, ಅಂಕಗಣಿತದ 20 ಪ್ರಶ್ನೆಗೆ 25, ಭಾಷೆಯ 20 ಪ್ರಶ್ನೆಗೆ 25. ಒಂದೊಂದು ಪ್ರಶ್ನೆಗೆ ಒಂದೂಕಾಲು ಅಂಕ. ಅಂಕಗಣಿತಕ್ಕೆಂದು ಇಟ್ಟಿರುವ ಸಮಯ 30 ನಿಮಿಷ. ಒಂದು ಲೆಕ್ಕಕ್ಕೆ ಒಂದೂವರೆ ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ನೂರರಲ್ಲಿ ಇಪ್ಪತ್ತೈದೇ ಅಂಕ, ಅದಕ್ಕೇಕೆ ಇಷ್ಟು ತಲೆಬಿಸಿ ಎಂದು ಕೇಳಬಹುದು. ಆಕೃತಿಗಳ ಪ್ರಶ್ನೆಗಳನ್ನು ಚುರುಕಾದ ಮಗು ಕೆಲವೇ ವಾರಗಳಲ್ಲಿ ಹಿಡಿಯುತ್ತದೆ. ಭಾಷೆಯ ಭಾಗದಲ್ಲಿ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸವೇ ಮುಖ್ಯ. ಗಣಿತ ಹಾಗಲ್ಲ. ಮೂರನೇ ತರಗತಿಯಲ್ಲಿ ಭಾಗಾಕಾರ ಸರಿಯಾಗಿ ಕೂತಿರದಿದ್ದರೆ ಐದನೆಯದರ ಭಿನ್ನರಾಶಿಯೂ ಅಲುಗಾಡುತ್ತದೆ. ಅದನ್ನು ಸರಿಮಾಡಲು ತಿಂಗಳುಗಳು ಬೇಕು. ಈಚಿನ ವರ್ಷಗಳಲ್ಲಿ ನಮ್ಮ ಭಾಗದ ಪರೀಕ್ಷೆ ಡಿಸೆಂಬರ್–ಜನವರಿಯಲ್ಲಿ ಬರುತ್ತಿದೆ: 2025ರ ಜನವರಿ 18ಕ್ಕೆ ಒಂದು, ಅದೇ ವರ್ಷದ ಡಿಸೆಂಬರ್ 13ಕ್ಕೆ ಮುಂದಿನದು. ಡಿಸೆಂಬರ್ ಅಂದುಕೊಂಡೇ ಹೊರಟರೆ ಒಳ್ಳೆಯದು.

ಪಠ್ಯಭಾಗದಲ್ಲಿ ಸ್ಥಾನಬೆಲೆ, ನಾಲ್ಕು ಮೂಲಕ್ರಿಯೆಗಳು, ಅಪವರ್ತನ–ಅಪವರ್ತ್ಯ, ಲ.ಸಾ.ಅ.–ಮ.ಸಾ.ಅ., ಭಿನ್ನರಾಶಿ, ದಶಮಾಂಶ, ಅಳತೆಗಳು, ಸರಳೀಕರಣ, ಶೇಕಡಾ ಇಲ್ಲದ ಲಾಭ–ನಷ್ಟ, ಸುತ್ತಳತೆ–ವಿಸ್ತೀರ್ಣ, ಕೋನಗಳು, ಸ್ತಂಭಾಲೇಖ ಓದುವುದು, ಇಷ್ಟು. ಅಂಗಡಿಯಲ್ಲಿ ಸಿಗುವ ಹಳೆಯ ಗೈಡುಗಳಲ್ಲಿ ಸರಳಬಡ್ಡಿ, ಶೇಕಡಾ ಲೆಕ್ಕಗಳೇ ತುಂಬಿರುತ್ತವೆ. ಹೊಸ ಪ್ರಕಟಣೆಯ ಪಠ್ಯಭಾಗದ ಪುಟವನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ, ಅದರಲ್ಲಿ ಇಲ್ಲದ್ದನ್ನು ಬಿಡಿ. ನಾಲ್ಕು ಮತ್ತು ಐದನೇ ತರಗತಿಯ ಸರ್ಕಾರಿ ಗಣಿತ ಪುಸ್ತಕಗಳ ಎಲ್ಲ ಅಭ್ಯಾಸಗಳನ್ನೂ ಮಾಡಿ ಮುಗಿಸಿದ ಮೇಲೆಯೇ ಗೈಡು ಕೊಳ್ಳಿ.

ಮೊದಲು ಓದು, ಆಮೇಲೆ ಲೆಕ್ಕ

ಸಿಂಧನೂರಿನ ಸುತ್ತಲ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ. ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ ಲಂಬಾಣಿ, ಮುದಗಲ್ಲಿನ ಎಷ್ಟೋ ಮನೆಗಳಲ್ಲಿ ಉರ್ದು. ಇಂಥ ಮನೆಗಳ ಮಕ್ಕಳಲ್ಲಿ ಕೂಡಿಸಿ ಕಳೆಯುವುದರಲ್ಲಿ ಜೋರಾಗಿರುವವರೂ ವಾಕ್ಯದ ಲೆಕ್ಕ ಬಂದಾಗ ನಿಲ್ಲುತ್ತಾರೆ. ಮನೆಯಲ್ಲಿ ಕನ್ನಡವೇ ಆಡುವ ಮಕ್ಕಳಿಗೂ ‘ಪ್ರತಿಯೊಂದಕ್ಕೂ’, ‘ಉಳಿದದ್ದರಲ್ಲಿ’, ‘ಕ್ರಮವಾಗಿ’ ಎಂಬ ಮಾತುಗಳು ಕಣ್ಣುತಪ್ಪಿ ಹೋಗುತ್ತವೆ. ಆದ್ದರಿಂದ ಮೊದಲ ತಿಂಗಳು ದಿನಕ್ಕೆ ಎರಡು ವಾಕ್ಯದ ಲೆಕ್ಕಗಳನ್ನು ಗಟ್ಟಿಯಾಗಿ ಓದಿಸಿ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಮಗು ತನ್ನ ಮನೆಮಾತಿನಲ್ಲೇ ಹೇಳಲಿ. ಉತ್ತರ ಬರೆಯುವುದು ಆಮೇಲೆ. ಅರ್ಜಿಯಲ್ಲಿ ಆರಿಸಿದ ಭಾಷೆಯಲ್ಲೇ ಪ್ರಶ್ನೆಪತ್ರಿಕೆ ಬರುವುದರಿಂದ, ಶಾಲೆಯಲ್ಲಿ ಮಗು ಗಣಿತವನ್ನು ಯಾವ ಭಾಷೆಯಲ್ಲಿ ಓದುತ್ತಿದೆಯೋ ಅದನ್ನೇ ಆರಿಸುವುದು ಸರಿ.

ಓದು–ಬರಹ ಬಾರದ ತಂದೆತಾಯಿಯೂ ಇಲ್ಲಿ ದೊಡ್ಡ ಸಹಾಯ ಮಾಡಬಲ್ಲರು. ಅವರು ಲೆಕ್ಕ ಬಿಡಿಸಿ ತೋರಿಸಬೇಕಿಲ್ಲ. ಮಗು ಉತ್ತರ ಹೇಳಿದ ಕೂಡಲೇ ‘ಹೆಂಗ ಬಂತು, ಹೇಳವ್ವ’ ಎಂದು ಕೇಳಿದರೆ ಸಾಕು. ಬಾಯಿಬಿಟ್ಟು ಹೇಳುವಾಗ ಮಗುವಿಗೆ ತನ್ನ ತಪ್ಪು ತನಗೇ ಕಾಣುತ್ತದೆ. ಉತ್ತರ ಸರಿಯಿದ್ದಾಗಲೂ ಈ ಪ್ರಶ್ನೆ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಪ್ರಶ್ನೆ ಬಂತೆಂದರೆ ತಪ್ಪಾಗಿದೆ ಎಂದು ಮಗು ಹೆದರಿ ಉತ್ತರ ಬದಲಿಸುವುದನ್ನು ಕಲಿಯುತ್ತದೆ.

ತಪ್ಪು ಆಯ್ಕೆಗಳು ಎಲ್ಲಿಂದ ಬರುತ್ತವೆ

ನಾಲ್ಕು ಆಯ್ಕೆಗಳಲ್ಲಿ ಮೂರು ತಪ್ಪು. ಆ ಮೂರನ್ನು ಸುಮ್ಮನೆ ತೋಚಿದ್ದನ್ನು ಬರೆದು ತುಂಬುವುದಿಲ್ಲ. ಹತ್ತು ವರ್ಷದ ಮಗು ಎಲ್ಲಿ ಎಡವುತ್ತದೆ ಎಂದು ತಿಳಿದವರೇ ಬರೆಯುತ್ತಾರೆ. ಹಾಗಾಗಿ ತಪ್ಪು ದಾರಿಯಲ್ಲಿ ಹೋದ ಮಗುವಿಗೂ ತನ್ನ ಉತ್ತರ ಅಲ್ಲಿ ಸಿಗುತ್ತದೆ, ಸರಿಯಾಯಿತು ಎಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಅಭ್ಯಾಸದ ಮುಖ್ಯ ಕೆಲಸವೇ ಈ ಜಾಗಗಳನ್ನು ಗುರುತು ಹಿಡಿಯುವುದು. ಕೆಲವನ್ನು ನಮ್ಮ ಊರಿನ ಸಾಮಗ್ರಿಯಿಂದಲೇ ನೋಡೋಣ.

ಈರುಳ್ಳಿ ವ್ಯಾಪಾರದ ಲೆಕ್ಕ. ಕೆಜಿಗೆ 18 ರೂಪಾಯಿಯಂತೆ 40 ಕೆಜಿ ಕೊಂಡರು. 4 ಕೆಜಿ ಕೊಳೆಯಿತು. ಉಳಿದದ್ದನ್ನು ಕೆಜಿಗೆ 22ರಂತೆ ಮಾರಿದರು. ಲಾಭ ಎಷ್ಟು? ಅವಸರದ ಮಗು 22ರಲ್ಲಿ 18 ಕಳೆದು, ಬಂದ 4ನ್ನು 40ರಿಂದ ಗುಣಿಸಿ 160 ಎನ್ನುತ್ತದೆ. ಇನ್ನೊಂದು ಮಗು 4ನ್ನು 36ರಿಂದ ಗುಣಿಸಿ 144 ಎನ್ನುತ್ತದೆ. ಎರಡೂ ಆಯ್ಕೆಗಳಲ್ಲಿ ಇರುತ್ತವೆ. ಕೊಟ್ಟ ದುಡ್ಡು 40 × 18 = 720, ಕೈಗೆ ಬಂದ ದುಡ್ಡು 36 × 22 = 792, ಲಾಭ 72. ಸಂತೆಯಲ್ಲಿ ಅವ್ವನ ಪಕ್ಕ ಕೂತು ತರಕಾರಿ ಮಾರಿದ ಮಗುವಿಗೆ ಕೊಳೆತ ಈರುಳ್ಳಿಗೂ ದುಡ್ಡು ಕೊಟ್ಟಿದ್ದೇವೆ ಎಂಬುದು ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನು ಕಾಗದದ ಮೇಲೆ ತರಿಸುವುದು ನಮ್ಮ ಕೆಲಸ.

ಅಳತೆ ಮತ್ತು ದಶಮಾಂಶದಲ್ಲಿ ಒಂದು ತಪ್ಪು ಎಲ್ಲ ತರಗತಿಗಳಲ್ಲೂ ಕಾಣುತ್ತದೆ. 3 ಕಿಲೋಮೀಟರ್ 75 ಮೀಟರ್ ಅಂದರೆ 3.75 ಕಿ.ಮೀ. ಎಂದು ಬರೆಯುತ್ತಾರೆ. ಸಾವಿರ ಮೀಟರಿಗೆ ಒಂದು ಕಿಲೋಮೀಟರ್ ಆದ್ದರಿಂದ ಚುಕ್ಕೆಯ ಮುಂದೆ ಮೂರು ಮನೆ ಬೇಕು: 3.075. ಹಟ್ಟಿಯಂಥ ಚಿನ್ನದ ಗಣಿಯ ಊರಲ್ಲಿ ಮಗುವಿಗೆ ಇದನ್ನು ಬಂಗಾರದ ತೂಕದಲ್ಲಿ ಕೇಳಿ: 1 ಗ್ರಾಂ 5 ಮಿಲಿಗ್ರಾಂ ಎಷ್ಟು ಗ್ರಾಂ? ಉತ್ತರ 1.005. ಅದನ್ನೇ 1.5 ಎಂದು ಬರೆದರೆ ಅರ್ಧ ಗ್ರಾಂ ಬಂಗಾರದಷ್ಟು ತಪ್ಪು. ಹೀಗೆ ಹೇಳಿದರೆ ಸೊನ್ನೆಯ ಬೆಲೆ ಮಕ್ಕಳಿಗೆ ಬೇಗ ತಿಳಿಯುತ್ತದೆ.

ಸಿಂಧನೂರು ಸೀಮೆಯಲ್ಲಿ ಭತ್ತದ ವ್ಯಾಪಾರ 75 ಕೆಜಿಯ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. 48 ಚೀಲ ಭತ್ತ ಎಷ್ಟು ಕ್ವಿಂಟಲ್? 48ನ್ನು 75ರಿಂದ ಗುಣಿಸಿ 3600, ನೂರರಿಂದ ಭಾಗಿಸಿ 36. ಇದು ಸರಿಯಾದ ದಾರಿ, ಮೊದಲು ಇದೇ ಬರಬೇಕು. ಆಮೇಲೆ ಮಗುವನ್ನು ಕೇಳಿ: ನಾಲ್ಕು ಚೀಲ ಎಷ್ಟು ಕೆಜಿ? 300. ಅಂದರೆ ನಾಲ್ಕು ಚೀಲಕ್ಕೆ ಮೂರು ಕ್ವಿಂಟಲ್. 48 ಚೀಲದಲ್ಲಿ ನಾಲ್ಕರ ಗುಂಪು ಹನ್ನೆರಡು, ಹನ್ನೆರಡು ಮೂರಲೆ ಮೂವತ್ತಾರು. ಪೆನ್ನು ಮುಟ್ಟದೆ ಉತ್ತರ ಬಂತು. ವೇಗ ಹುಟ್ಟುವುದು ಇಲ್ಲಿಂದ. ಯೂಟ್ಯೂಬಿನಲ್ಲಿ ‘ಎರಡೇ ಸೆಕೆಂಡಿನ ಟ್ರಿಕ್’ ಎಂದು ಕಲಿಸುವುದನ್ನು ಮಗು ಬಾಯಿಪಾಠ ಮಾಡಿದರೆ ಸಂಖ್ಯೆ ಬದಲಾದ ದಿನ ಅದು ಕೈಕೊಡುತ್ತದೆ. 75 ನೂರರ ಮುಕ್ಕಾಲು ಎಂದು ತಿಳಿದ ಮಗುವಿಗೆ 25, 50, 125ರ ದಾರಿಗಳೂ ತಾವಾಗಿ ತೆರೆಯುತ್ತವೆ.

ಮುಕ್ಕಾಲಿನ ಮಾತು ಬಂದದ್ದರಿಂದ ಭಿನ್ನರಾಶಿಗೆ ಬರೋಣ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅಶೋಕ ಎಂಬ ಹೆಸರು ಅದರಲ್ಲಿ ಇದೆಯೆಂಬ ಕಾರಣಕ್ಕೆ ಪ್ರಸಿದ್ಧವಾಯಿತು. ಅದೇ ಶಾಸನದಲ್ಲಿ ಅರಸ ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು ಎನ್ನುತ್ತಾನೆ. ಎರಡು ಸಾವಿರ ವರ್ಷಕ್ಕೂ ಹಳೆಯ ಬಂಡೆಯ ಮೇಲೆ ನಮ್ಮೂರಲ್ಲೇ ಒಂದು ಭಿನ್ನರಾಶಿ ಇದೆ! ಎರಡೂವರೆ ವರ್ಷಕ್ಕೆ ಎಷ್ಟು ತಿಂಗಳು, ಎರಡೂಮುಕ್ಕಾಲು ವರ್ಷಕ್ಕೆ ಎಷ್ಟು ಎಂದು ಮಸ್ಕಿಯ ಮಕ್ಕಳನ್ನು ಕೇಳಿ: 30 ಮತ್ತು 33. ಮನೆಯಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಲ್ಲ ಹಿರಿಯರಿದ್ದರೆ ದಿನಾ ಸಂಜೆ ಮೊಮ್ಮಕ್ಕಳಿಗೆ ಹೇಳಿಸಿ. ಆ ಮಗ್ಗಿಗಳು ಮರೆಯಾಗುತ್ತಿರುವುದು ನಿಜಕ್ಕೂ ನಷ್ಟ.

ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. 3/4, 5/8, 2/3 ಇವುಗಳಲ್ಲಿ ದೊಡ್ಡದು ಯಾವುದು? ಛೇದಗಳನ್ನು 24ಕ್ಕೆ ಸಮ ಮಾಡಿದರೆ 18, 15, 16, ಮೊದಲನೆಯದೇ ದೊಡ್ಡದು. ಇನ್ನೊಂದು ದಾರಿ, ಪೂರ್ತಿ ಒಂದಕ್ಕೆ ಎಷ್ಟು ಕಡಿಮೆ ಎಂದು ನೋಡುವುದು: ಕಾಲು, ಮೂರೆಂಟಾಂಶ, ಮೂರನೇ ಒಂದು. ಅತಿ ಕಡಿಮೆ ಕೊರತೆ ಕಾಲು, ಆದ್ದರಿಂದ ಮುಕ್ಕಾಲೇ ದೊಡ್ಡದು. ಛೇದ ದೊಡ್ಡದಿದ್ದರೆ ಸಂಖ್ಯೆ ದೊಡ್ಡದು ಎಂದು ನಂಬಿದ ಮಗು 5/8ಕ್ಕೆ ಗುರುತು ಹಾಕುತ್ತದೆ. ಅಂಥ ಮಗುವಿಗೆ ಸೂತ್ರ ಹೇಳಬೇಡಿ. ಒಂದೇ ಅಳತೆಯ ಮೂರು ಕಾಗದದ ಪಟ್ಟಿಗಳನ್ನು ಕೊಟ್ಟು ಮಡಚಿ, ಬಣ್ಣ ಹಚ್ಚಲು ಹೇಳಿ.

ಲ.ಸಾ.ಅ., ಮ.ಸಾ.ಅ. ಕಂಡುಹಿಡಿಯುವ ವಿಧಾನ ಹೆಚ್ಚಿನ ಮಕ್ಕಳಿಗೆ ಬರುತ್ತದೆ. ಯಾವಾಗ ಯಾವುದು ಎಂಬಲ್ಲಿ ಗೊಂದಲ. ಸಿಂಧನೂರು ಬಸ್ ನಿಲ್ದಾಣದಿಂದ ಒಂದು ದಾರಿಗೆ 20 ನಿಮಿಷಕ್ಕೊಂದು, ಇನ್ನೊಂದು ದಾರಿಗೆ 24 ನಿಮಿಷಕ್ಕೊಂದು ಬಸ್ ಹೊರಡುತ್ತದೆ ಎಂದುಕೊಳ್ಳಿ. ಬೆಳಿಗ್ಗೆ 6ಕ್ಕೆ ಎರಡೂ ಒಟ್ಟಿಗೆ ಹೊರಟರೆ ಮತ್ತೆ ಒಟ್ಟಿಗೆ ಹೊರಡುವುದು ಯಾವಾಗ? 20 ಮತ್ತು 24ರ ಲ.ಸಾ.ಅ. 120 ನಿಮಿಷ, ಅಂದರೆ 8 ಗಂಟೆಗೆ. ಇನ್ನೊಂದು: 84 ಕೆಜಿ ತೊಗರಿ, 60 ಕೆಜಿ ಕಡಲೆ. ಬೆರೆಸದೆ, ಉಳಿಸದೆ, ಒಂದೇ ತೂಕದ ಚೀಲಗಳಲ್ಲಿ ತುಂಬಬೇಕು. ಒಂದು ಚೀಲದಲ್ಲಿ ಹೆಚ್ಚೆಂದರೆ ಎಷ್ಟು ಕೆಜಿ? ಇದು ಮ.ಸಾ.ಅ., ಉತ್ತರ 12. ಮಗುವಿಗೆ ಕಲಿಸಬೇಕಾದ ಪ್ರಶ್ನೆ ಒಂದೇ: ಉತ್ತರ ಕೊಟ್ಟ ಸಂಖ್ಯೆಗಳಿಗಿಂತ ದೊಡ್ಡದಿರಬೇಕೋ ಚಿಕ್ಕದಿರಬೇಕೋ? 24 ನಿಮಿಷಕ್ಕೊಮ್ಮೆ ಹೊರಡುವ ಬಸ್ಸು 4 ನಿಮಿಷಕ್ಕೆ ಮತ್ತೆ ಹೊರಡಲು ಸಾಧ್ಯವಿಲ್ಲ. 60 ಕೆಜಿ ಕಡಲೆಯಿಂದ 420 ಕೆಜಿಯ ಚೀಲ ತುಂಬಲೂ ಆಗದು. ಹೀಗೆ ನೋಡಿದರೆ ಲೆಕ್ಕ ಮಾಡುವ ಮೊದಲೇ ಎರಡು ಆಯ್ಕೆಗಳು ಬಿದ್ದುಹೋಗುತ್ತವೆ.

ವಿಸ್ತೀರ್ಣ–ಸುತ್ತಳತೆಗೆ ಹೊಲಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ: 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ರಜೆಯಲ್ಲಿ ಹಗ್ಗ ಹಿಡಿದು ಅಂಗಳದಲ್ಲೋ ಕಣದಲ್ಲೋ ಒಂದು ಗುಂಟೆ ಗುರುತು ಮಾಡಿಸಿ. ಸುತ್ತ ನಡೆದರೆ 132 ಅಡಿ, ಅದು ಸುತ್ತಳತೆ. ಒಳಗಿನದು ವಿಸ್ತೀರ್ಣ. ಪ್ರತಿ ಬದಿಯನ್ನೂ 66 ಅಡಿ ಮಾಡಿದರೆ ಎಷ್ಟು ಗುಂಟೆ? ಎರಡು ಎನ್ನದ ಮಗು ಅಪರೂಪ. ಹಗ್ಗ ಹಾಕಿ ನೋಡಿದಾಗ ನಾಲ್ಕು ಗುಂಟೆ ಕಣ್ಣಿಗೆ ಕಾಣುತ್ತದೆ. ಬದಿ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು ಎಂಬುದು ಆಮೇಲೆ ಮರೆಯುವುದಿಲ್ಲ. 60 ಮೀಟರ್ ಉದ್ದ, 40 ಮೀಟರ್ ಅಗಲದ ಹೊಲಕ್ಕೆ ಮೂರು ಸುತ್ತು ತಂತಿ ಬೇಲಿ ಹಾಕಲು ಎಷ್ಟು ತಂತಿ ಬೇಕು ಎಂದರೆ 2400 ಎನ್ನುವುದೂ ನಿಲ್ಲುತ್ತದೆ. ಸುತ್ತಳತೆ 200, ಮೂರು ಸುತ್ತಿಗೆ 600 ಮೀಟರ್.

ಸಮಯದ ಲೆಕ್ಕಕ್ಕೆ ಒಂದು ಮಾತು. ರಾತ್ರಿ 10:45ಕ್ಕೆ ಹೊರಟ ಬಸ್ ಬೆಳಿಗ್ಗೆ 6:20ಕ್ಕೆ ಮುಟ್ಟಿದರೆ ಪ್ರಯಾಣ ಎಷ್ಟು ಹೊತ್ತು? ಒಂದರ ಕೆಳಗೊಂದು ಬರೆದು ಕಳೆಯಲು ಹೋಗಿ ಮಕ್ಕಳು ಗಂಟೆಗೆ ನೂರು ನಿಮಿಷ ಎಂಬಂತೆ ಕಡ ತರುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ: 11ರವರೆಗೆ 15 ನಿಮಿಷ, 6ರವರೆಗೆ 7 ಗಂಟೆ, ಮುಂದೆ 20 ನಿಮಿಷ. ಒಟ್ಟು 7 ಗಂಟೆ 35 ನಿಮಿಷ. ಸರಳೀಕರಣದಲ್ಲಿ 24 ÷ 6 × 2 + 3 ಕೊಟ್ಟರೆ ಮೊದಲು 6 × 2 ಮಾಡಿ 5 ಎನ್ನುವವರು ಬಹಳ. ಭಾಗಾಕಾರ, ಗುಣಾಕಾರ ಎರಡೂ ಇದ್ದಾಗ ಎಡದಿಂದ ಬರಬೇಕು. ಉತ್ತರ 11.

ತಪ್ಪಿನ ನೋಟ್‌ಬುಕ್

ದಿನಕ್ಕೆ ಹತ್ತು ಲೆಕ್ಕ ಸಾಕು. ಐವತ್ತು ಮಾಡಿಸಿದರೆ ಮಗು ಕೈ ಓಡಿಸುತ್ತದೆ, ತಲೆ ಓಡಿಸುವುದಿಲ್ಲ. ಆದರೆ ಆ ಹತ್ತರಲ್ಲಿ ತಪ್ಪಾದದ್ದು ಬೇರೆಯೇ ಒಂದು ನೋಟ್‌ಬುಕ್ಕಿಗೆ ಹೋಗಬೇಕು. ಎಡಗಡೆ ಪುಟದಲ್ಲಿ ಲೆಕ್ಕ ಮತ್ತು ತಾನು ಬರೆದ ತಪ್ಪು ಉತ್ತರ, ಬಲಗಡೆ ಸರಿಯಾದ ದಾರಿ, ಕೆಳಗೆ ಒಂದೇ ಸಾಲಿನಲ್ಲಿ ಕಾರಣ. ‘ಉಳಿದದ್ದು ಅನ್ನೋದು ಓದಲಿಲ್ಲ’, ‘ಏಳೆಂಟ್ಲ ಐವತ್ನಾಲ್ಕು ಅಂದೆ’, ‘ಸುತ್ತಳತೆ ಬದಲು ವಿಸ್ತೀರ್ಣ ಮಾಡಿದೆ’. ಮಗು ತನ್ನ ಮಾತಿನಲ್ಲೇ ಬರೆಯಲಿ, ಅಕ್ಷರ ತಿದ್ದಲು ಹೋಗಬೇಡಿ.

ಭಾನುವಾರ ಹೊಸ ಲೆಕ್ಕ ಬೇಡ. ಆ ನೋಟ್‌ಬುಕ್ಕಿನ ಬಲಗಡೆ ಪುಟ ಮುಚ್ಚಿ ಹಳೆಯವನ್ನೇ ಮತ್ತೆ ಮಾಡಿಸಿ. ಎರಡು ಭಾನುವಾರ ತಾನಾಗಿ ಸರಿ ಬಂದ ಲೆಕ್ಕಕ್ಕೆ ಅಡ್ಡಗೀಟು. ತಿಂಗಳು ಕಳೆಯುವಷ್ಟರಲ್ಲಿ ಮಗುವಿನ ತೊಂದರೆ ಎಲ್ಲಿದೆ ಎಂದು ಕಾರಣಗಳೇ ಹೇಳುತ್ತವೆ. ಕೆಲವರಿಗೆ ಮಗ್ಗಿ, ಕೆಲವರಿಗೆ ಓದು, ಕೆಲವರಿಗೆ ಬರೀ ಅವಸರ. ಮೂರಕ್ಕೂ ಔಷಧಿ ಬೇರೆ ಬೇರೆ. ಮಗ್ಗಿ ಬಾರದ ಮಗುವಿಗೆ ಇನ್ನಷ್ಟು ಮಾದರಿ ಪತ್ರಿಕೆ ಕೊಟ್ಟು ಉಪಯೋಗವಿಲ್ಲ. ಇಪ್ಪತ್ತರವರೆಗಿನ ಮಗ್ಗಿಯನ್ನು ಮುಂದಿನಿಂದ, ಹಿಂದಿನಿಂದ, ನಡುವಿನಿಂದ ಕೇಳಿ. ಈ ನೋಟ್‌ಬುಕ್ಕನ್ನು ಶಾಲೆಯ ಸರ್ ಅಥವಾ ಟೀಚರ್ ಹತ್ತಿರ ವಾರಕ್ಕೊಮ್ಮೆ ತೋರಿಸಲು ಹೇಳಿ. ಇಡೀ ತರಗತಿ ನೋಡಿಕೊಳ್ಳಬೇಕಾದ ಅವರಿಗೂ ಒಂದೇ ನೋಟದಲ್ಲಿ ಏನು ಹೇಳಿಕೊಡಬೇಕು ಎಂಬುದು ಗೊತ್ತಾಗುತ್ತದೆ.

ಗಡಿಯಾರವನ್ನು ದಸರಾ ರಜೆಯವರೆಗೆ ಹೊರಗೆ ತೆಗೆಯಬೇಡಿ. ಬೇಗ ಮಾಡು, ಬೇಗ ಮಾಡು ಎಂದು ಜೂನ್‌ನಲ್ಲೇ ಶುರುಮಾಡಿದರೆ ಮಗು ಊಹಿಸುವುದನ್ನು ಕಲಿಯುತ್ತದೆ. ರಜೆಯಿಂದಾಚೆಗೆ ವಾರಕ್ಕೆರಡು ಸಲ 20 ಲೆಕ್ಕಗಳಿಗೆ 40 ನಿಮಿಷ, ಆಮೇಲೆ 35, ನವೆಂಬರ್‌ನಲ್ಲಿ 30. ಇಡೀ ಎರಡು ಗಂಟೆಯ ಪತ್ರಿಕೆಯನ್ನು ವಾರಕ್ಕೊಮ್ಮೆ, ಬೆಳಿಗ್ಗೆ 11:30ಕ್ಕೆ ಕೂರಿಸಿ ಬರೆಸಿ, ಏಕೆಂದರೆ ನಿಜವಾದ ಪರೀಕ್ಷೆ ನಡೆಯುವ ಹೊತ್ತೂ ಅದೇ.

ಓಎಂಆರ್ ಹಾಳೆ ಹಳ್ಳಿಯ ಮಗುವಿಗೆ ಹೊಸದು. ಜೆರಾಕ್ಸ್ ಅಂಗಡಿಯಲ್ಲಿ ಮಾದರಿ ಹಾಳೆಗಳನ್ನು ತೆಗೆಸಿ, ನೀಲಿ ಅಥವಾ ಕಪ್ಪು ಬಾಲ್‌ಪೆನ್ನಿನಿಂದಲೇ ವೃತ್ತ ತುಂಬಿಸಿ. ವೈಟ್ನರ್, ರಬ್ಬರ್ ಅಲ್ಲಿ ನಡೆಯುವುದಿಲ್ಲ. ಹಾಕಿದ ಗುರುತು ಹಾಕಿದ್ದೇ. 27ನೇ ಪ್ರಶ್ನೆಯನ್ನು ಬಿಟ್ಟು 28ರ ಉತ್ತರವನ್ನು 27ರ ಸಾಲಿನಲ್ಲಿ ತುಂಬಿದರೆ ಮುಂದಿನವೆಲ್ಲ ಸಾಲುತಪ್ಪುತ್ತವೆ. ಆದ್ದರಿಂದ ಪ್ರತಿ ಐದು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವ ರೂಢಿ ಮಾಡಿಸಿ. ಒಂದೂವರೆ ನಿಮಿಷಕ್ಕೆ ಬಾರದ ಲೆಕ್ಕವನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಮರಳಿ ಬರುವುದನ್ನೂ ಮನೆಯಲ್ಲೇ ಕಲಿಯಬೇಕು. ಕೊನೆಯ ಐದು ನಿಮಿಷದಲ್ಲಿ ಖಾಲಿ ಉಳಿದ ವೃತ್ತ ಒಂದೂ ಇರಬಾರದು. ಅಂಕ ಕಳೆಯುವ ನಿಯಮ ಇಲ್ಲದಿದ್ದ ಮೇಲೆ, ಸಾಧ್ಯವೇ ಇಲ್ಲದ ಆಯ್ಕೆಗಳನ್ನು ಹೊಡೆದುಹಾಕಿ ಉಳಿದವುಗಳಲ್ಲಿ ಒಂದನ್ನು ತುಂಬಿ ಬರಲಿ.

ಬೇರೆ ಬಾಗಿಲುಗಳು

ಒಂದೇ ಶಾಲೆ, 80 ಸೀಟು. ಚೆನ್ನಾಗಿ ಬರೆದ ಎಷ್ಟೋ ಮಕ್ಕಳಿಗೂ ಸಿಗುವುದಿಲ್ಲ. ಇದನ್ನು ಪರೀಕ್ಷೆಯ ಮೊದಲೇ ಮಗುವಿಗೆ ಸಮಾಧಾನವಾಗಿ ಹೇಳಬೇಕು. ಮೂರನೇ ಒಂದು ಪಾಲು ಸೀಟು ಹೆಣ್ಣುಮಕ್ಕಳಿಗೆ ಇರುವುದರಿಂದ ‘ಹುಡುಗಿಯನ್ನು ಅಷ್ಟು ದೂರ ಯಾಕೆ’ ಎಂದು ಅರ್ಜಿಯನ್ನೇ ಹಾಕದೆ ಇರಬೇಡಿ. ಮುದಗಲ್ ದೂರವಲ್ಲ.

ಇದೇ ಗಣಿತವನ್ನು ಕೇಳುವ ಪರೀಕ್ಷೆಗಳು ಇನ್ನೂ ಇವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ಮುಂತಾದ ರಾಜ್ಯದ ವಸತಿ ಶಾಲೆಗಳ ಆರನೇ ತರಗತಿ ಪ್ರವೇಶ ಪರೀಕ್ಷೆಯನ್ನು ಈಚಿನ ವರ್ಷಗಳಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆಂದೇ ಶುರುವಾದ ಆದರ್ಶ ವಿದ್ಯಾಲಯಗಳಿಗೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಉಂಟು. ಅಲ್ಲಿ ಮುಂದಿನ ಓದು ಇಂಗ್ಲಿಷ್ ಮಾಧ್ಯಮದಲ್ಲಿ. 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆ ನಮಗೆ ಹತ್ತಿರದ್ದೇ. ಅದರ ಆರನೇ ತರಗತಿಯ ಪರೀಕ್ಷೆಯಲ್ಲಿ 300 ಅಂಕಗಳಲ್ಲಿ 150 ಗಣಿತಕ್ಕೇ, 50 ಪ್ರಶ್ನೆ, ಒಂದೊಂದಕ್ಕೆ 3 ಅಂಕ, ಕನ್ನಡದಲ್ಲೂ ಬರೆಯಬಹುದು. ನವೋದಯಕ್ಕೆಂದು ಬರೆದ ತಪ್ಪಿನ ನೋಟ್‌ಬುಕ್ಕನ್ನು ಪರೀಕ್ಷೆ ಮುಗಿದ ದಿನ ರದ್ದಿಗೆ ಹಾಕಬೇಡಿ. ಸೈನಿಕ ಶಾಲೆಯ ಪಠ್ಯಭಾಗ ಇದಕ್ಕಿಂತ ಸ್ವಲ್ಪ ಅಗಲ. ಬಿಟ್ಟಿದ್ದ ಶೇಕಡಾ, ಸರಳಬಡ್ಡಿ, ಘನಫಲ ಅಲ್ಲಿ ಬೇಕಾಗುತ್ತವೆ. ಹಳೆಯ ಗೈಡನ್ನು ಹೊರಗೆ ತೆಗೆಯುವುದು ಆಗ.